ಎಡಗಿವಿಯ ಎರಡು ಮಿಲಿಮೀಟರ್

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುವಾಗಲೆಲ್ಲ ಅವನಿಗೆ ತಾನು ಯಾವುದೋ ಸಾರ್ವಜನಿಕ ಆಸ್ತಿಯನ್ನು ಒರೆಸಿಡುತ್ತಿದ್ದೇನೆ ಅನ್ನಿಸುತ್ತಿತ್ತು. ಜಂಬವೇ ಸರಿ, ಆದರೆ ಜಂಬಕ್ಕೆ ಕಾರಣವೂ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಕನ್ನಡಕದ ಕಾರ್ಖಾನೆ ಹೊಸದಾಗಿ ಶುರುವಾದಾಗ ಎಲ್ಲಿಂದಲೋ ಬಂದ ಎಂಜಿನಿಯರೊಬ್ಬ ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿ, ತಣ್ಣನೆಯ ಅಳತೆಗೋಲನ್ನು ಒಬ್ಬೊಬ್ಬರ ಮೂಗಿಗೂ ಕಿವಿಗೂ ತಾಗಿಸಿ, ಅರವತ್ತನಾಲ್ಕು ತಲೆ ಅಳೆದು, ಎರಡು ದಿನ ಕೂಡಿ ಕಳೆದು, ಕೊನೆಗೆ ಇವನ ಹೆಗಲ ಮೇಲೆ ಕೈಯಿಟ್ಟು ‘ಇದೇ ಸರಾಸರಿ’ ಅಂದಿದ್ದ. ಸರಾಸರಿ ಅನ್ನಿಸಿಕೊಂಡದ್ದಕ್ಕೆ ಹಿಗ್ಗಿದ ಮನುಷ್ಯ ಲೋಕದಲ್ಲಿ ಇವನೊಬ್ಬನೇ ಇರಬೇಕು. ಇವನ ತಲೆಯ ಅಚ್ಚು ತೆಗೆದು, ಅದರಂತೆ ನಾಲ್ಕು ಲೋಹದ ತಲೆಗಳನ್ನು ಎರಕ ಹೊಯ್ದು, ಬೆಂಚುಗಳ ಮೇಲೆ ಕೂರಿಸಿದರು. ಅಂದಿನಿಂದ ಇಂದಿನವರೆಗೆ ಆ ಕಾರ್ಖಾನೆಯಿಂದ ಹೊರಟ ಒಂದೊಂದು ಕನ್ನಡಕದ ಕಡ್ಡಿಯೂ ಮೊದಲು ಇವನ ಕಿವಿಯ ಹಿಂದೆ ಬಗ್ಗಿ, ಆಮೇಲೆ ಇನ್ನೊಬ್ಬರ ಕಿವಿಗೆ ಹೋಗಿದೆ. ಒಂದು ದೇಶದಿಂದ ಪ್ಲಾಸ್ಟಿಕ್ ಹಾಳೆ, ಇನ್ನೊಂದರಿಂದ ಕೀಲು, ಮತ್ತೊಂದರಿಂದ ಅಕ್ಕಿಕಾಳಿಗಿಂತ ಸಣ್ಣ ತಿರುಪು, ಒರೆಸುವ ಬಟ್ಟೆ ಬೇರೆಲ್ಲಿಂದಲೋ. ಎಲ್ಲ ಬಂದು ಸೇರುವುದು ಇವನ ತಲೆಯ ಮೇಲೆ, ಅಲ್ಲಿಂದ ನಲವತ್ತು ದೇಶಕ್ಕೆ. ಈಗ ಅವನು ರವಾನೆ ವಿಭಾಗದ ಮುಖ್ಯಸ್ಥ. ಹಡಗು ಹತ್ತಿದವನಲ್ಲ, ಸಮುದ್ರ ನೋಡಿದ್ದೂ ಎರಡೇ ಸಲ. ಕಾರ್ಖಾನೆಯವರು ಅವನನ್ನು ಎದುರಿಗೆ ‘ಸಾರ್’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ತಲೆ ಸಾಹೇಬರು’ ಅನ್ನುತ್ತಿದ್ದರು. ಬೆನ್ನ ಹಿಂದಿನದೇ ಅವನಿಗೆ ಹೆಚ್ಚು ಇಷ್ಟ.

ಆದರೆ ಜಂಬದ ಬುಡದಲ್ಲಿ ಒಂದು ಹುಳುಕು ಹಲ್ಲಿತ್ತು. ಅಚ್ಚು ತೆಗೆಯುವ ದಿನಕ್ಕೆ ಸರಿಯಾಗಿ ಎಡಗಡೆಯ ಕೊನೆಯ ದವಡೆಹಲ್ಲು ಬಾತು, ಊತ ಕಿವಿಯ ಬುಡದವರೆಗೂ ಏರಿ, ಕಿವಿ ಒಂದಿಷ್ಟು ಹೊರಕ್ಕೆ ಸರಿದು ನಿಂತಿತ್ತು. ಎಂಜಿನಿಯರು ಗಮನಿಸಲಿಲ್ಲ, ಅಳತೆಯೆಲ್ಲ ಆಗಲೇ ಕಾಗದದಲ್ಲಿತ್ತು, ಕಾಗದದಲ್ಲಿ ಊತವಿರಲಿಲ್ಲ. ‘ಸಾರ್, ಇವತ್ತು ಬೇಡ, ಒಂದು ವಾರ ಬಿಟ್ಟು ತೆಗೀರಿ’ ಅನ್ನುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಅನ್ನಲಿಲ್ಲ. ಸರಾಸರಿಯಲ್ಲಿ ಎರಡನೆಯವನಾಗಿ ಬಂದ ಸ್ಟೋರಿನ ಗುಮಾಸ್ತ ಬಾಗಿಲಲ್ಲೇ ನಿಂತು ತನ್ನ ಮುಖ ಸವರಿಕೊಳ್ಳುತ್ತಿದ್ದ. ಇವನು ಹಲ್ಲು ಕಚ್ಚಿ, ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಮುಖದ ತುಂಬ ತಣ್ಣನೆಯ ಗಾರೆ ಮೆತ್ತಿಸಿಕೊಂಡು ಮಲಗಿದ. ಊತ ನಾಲ್ಕು ದಿನದಲ್ಲಿ ಇಳಿಯಿತು. ಲೋಹದ ತಲೆಯದು ಇನ್ನೂ ಇಳಿದಿಲ್ಲ.

“ರೀ, ಇವತ್ತಾದ್ರೂ ಇದನ್ನ ತಗೊಂಡು ಹೋಗಿ ಸರಿಮಾಡಿಸ್ಕೊಂಡು ಬನ್ನಿ” ಎಂದು ಹೆಂಡತಿ ತನ್ನ ಕನ್ನಡಕ ತೆಗೆದು ಅವನ ಅಂಗಿಯ ಜೇಬಿಗೆ ತುರುಕಿದಳು. “ಎಡಗಡೆ ಜಾರಿ ಜಾರಿ ನನ್ನ ಕತ್ತು ಹೋಯ್ತು. ಡಾಕ್ಟ್ರು ಕೇಳ್ತಾರೆ, ಯಾಕಮ್ಮ ಯಾವಾಗ್ಲೂ ತಲೆ ಓರೆ ಮಾಡ್ಕೊಂಡೇ ಇರ್ತೀರಿ ಅಂತ. ಏನು ಹೇಳ್ಲಿ? ನಮ್ಮ ಯಜಮಾನ್ರು ಕನ್ನಡಕದ ಕಾರ್ಖಾನೇಲಿದಾರೆ, ಅದಕ್ಕೇ ಹೀಗೆ ಅಂತ ಹೇಳ್ಲಾ?”

“ಅಚ್ಚಿನ ಮೇಲಿಂದ ಇಳಿದ ಮೊದಲ ಪೀಸು ಕಣೆ ಅದು” ಅಂದ ಅವನು, ಪ್ರತಿ ಸಲ ಅನ್ನುವಂತೆ. ಹೊಸ ನಮೂನೆ ಬಂದಾಗ ಎಂಜಿನಿಯರೇ ಕೈಯಾರೆ ಅಚ್ಚಿಗೆ ಕೂರಿಸಿ ಬಗ್ಗಿಸಿದ ಮೊದಲ ಕನ್ನಡಕ ತಲೆ ಸಾಹೇಬರಿಗೆ ಅನ್ನುವುದು ಅಲ್ಲಿನ ಮರ್ಯಾದೆ. ಅದನ್ನು ಅವನು ಹೆಂಡತಿಗೆ ತಂದು ಕೊಡುತ್ತಿದ್ದ. ಒಂದೊಂದೂ ಅವಳ ಮೂಗಿನ ಮೇಲೆ ಎಡಕ್ಕೆ ಜಾರುತ್ತಿತ್ತು. ಒಂದೊಂದು ಸಲವೂ ಅವನು “ನಿನ್ನ ಕಿವಿ ಒಂದು ಮೇಲೆ ಒಂದು ಕೆಳಗೆ ಇದೆ, ಕನ್ನಡಕ ಏನು ಮಾಡುತ್ತೆ ಪಾಪ” ಅನ್ನುತ್ತಿದ್ದ. ಮೊದಮೊದಲು ತಮಾಷೆಗೆ ಅಂದದ್ದು. ಆಮೇಲೆ ಒಂದು ಮದುವೆ ಮನೆಯಲ್ಲಿ ಫೋಟೊ ತೆಗೆಯುವಾಗ ಅವಳು ಹಿಂದಿನ ಸಾಲಿಗೆ ಹೋಗಿ ನಿಂತದ್ದನ್ನು ಕಂಡ. ನನ್ನ ಮುಖ ಸೊಟ್ಟ, ನೀವೆಲ್ಲ ಮುಂದೆ ನಿಲ್ಲಿ ಅಂತ ಅವಳು ತಂಗಿಗೆ ಹೇಳಿದ್ದು ಕೇಳಿಸಿತು. ಆಗ ಅವನಿಗೆ ನಾಚಿಕೆಯಾಯಿತು. ಆದರೆ ಬಾಯಿ ಬಿಡಲಿಲ್ಲ, ಮರುವರ್ಷ ಇನ್ನೊಂದು ಮೊದಲ ಪೀಸು ತಂದುಕೊಟ್ಟ.

“ಇವತ್ತು ಗೋಡೆ ಹಿಡ್ಕೊಂಡು ಓಡಾಡ್ತೀನಿ, ಪರವಾಗಿಲ್ಲ” ಎಂದಳು ಹೆಂಡತಿ. ಕನ್ನಡಕವಿಲ್ಲದ ಅವಳ ಮುಖ ಬರಿದಾಗಿ, ಮೂಗಿನ ಎರಡೂ ಪಕ್ಕದ ಗುಳಿಗಳಲ್ಲಿ ಎಡಗಡೆಯದು ಮಾತ್ರ ಆಳವಾಗಿ ಕಾಣುತ್ತಿತ್ತು. ಕತ್ತು ಅಭ್ಯಾಸಬಲದಿಂದ ಬಲಕ್ಕೆ ವಾಲಿಯೇ ಇತ್ತು. ಇಪ್ಪತ್ತು ವರ್ಷ ಅವಳು ಹಾಗೆ ಓರೆಯಾಗಿ ನೋಡುವಾಗಲೆಲ್ಲ ತನ್ನನ್ನು ಅನುಮಾನಿಸುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿದೆ. ಅವನು ಚಪ್ಪಲಿ ಮೆಟ್ಟಿ ಹೊರಟ.

ವಾಪಸ್ ಬಂದ ಮಾಲು ಇಳಿಸುವ ಜಾಗ ಗೋದಾಮಿನ ಹಿಂಭಾಗದಲ್ಲಿತ್ತು. ಅಲ್ಲಿ ಹತ್ತೊಂಬತ್ತು ಪೆಟ್ಟಿಗೆ ಕೂತಿದ್ದವು. ಮೂರು ಬಂದರಿನ ಮುದ್ರೆ ಹೊಡೆಸಿಕೊಂಡು, ಮೂಲೆ ಜಜ್ಜಿಸಿಕೊಂಡು, ಹೋದವರು ಮುಖ ತೊಳೆಯದೆ ತಿರುಗಿ ಬಂದಂತೆ. ಮೇಲೆ ಅಂಟಿಸಿದ ದೂರು ಒಂದೇ ಸಾಲಿನದು: ಎಡಗಡೆ ಸಡಿಲ, ಜಾರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ದೂರು ಬಂದದ್ದು ಇದೇ ಮೊದಲು. ಬಂದೇ ಬರುತ್ತದೆ ಎಂದು ಮೊದಲ ಎರಡು ವರ್ಷ ಅವನು ನಿದ್ದೆಗೆಟ್ಟಿದ್ದ. ಬರದೇ ಹೋದಾಗ, ಇಡೀ ಲೋಕದ ಎಡಗಿವಿಯೇ ತನ್ನ ಊತಕ್ಕೆ ಹೊಂದಿಕೊಂಡಿತು ಎಂದು ತೀರ್ಮಾನಿಸಿ ಸಮಾಧಾನ ಮಾಡಿಕೊಂಡಿದ್ದ. ಮನುಷ್ಯನಿಗೆ ಬೇಕಾದಾಗ ಎಂಥ ತರ್ಕವೂ ಒದಗಿ ಬರುತ್ತದೆ. ಈಗ ಬ್ಲೇಡಿನಿಂದ ಅಂಟುಪಟ್ಟಿ ಕೊಯ್ದು ಒಂದೊಂದೇ ಪೆಟ್ಟಿಗೆ ತೆರೆದ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ ಇರುತ್ತದೆ. ಯಾವ ವಾರ, ಎಷ್ಟು ಪೀಸು, ಎಡಗಡ್ಡಿ ಬಗ್ಗಿಸಿದವರ ನಂಬರು, ಬಲಗಡ್ಡಿ ಬಗ್ಗಿಸಿದವರ ನಂಬರು. ಕಂಪ್ಯೂಟರಿನಲ್ಲಿ ಪೆಟ್ಟಿಗೆ ಯಾವ ದೇಶಕ್ಕೆ ಹೋಯಿತೆಂದು ಮಾತ್ರ ಇರುತ್ತದೆ. ಬಗ್ಗಿಸಿದವರ ನಂಬರು ಇರುವುದು ಈ ಕೈಬರಹದ ಚೀಟಿಯಲ್ಲೊಂದೇ. ಎಡಗಡ್ಡಿಯದು ಯಾವಾಗಲೂ ಹದಿನೇಳು. ಹದಿನೇಳು ಅಂದರೆ ಎಡಗಿವಿಯಮ್ಮ. ಇಪ್ಪತ್ತೆರಡು ವರ್ಷದಿಂದ ಎಡಗಡ್ಡಿ ಬಗ್ಗಿಸುವುದು ಅವಳೇ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಅವನನ್ನು ‘ಸಾರ್’ ಅನ್ನದೆ ‘ಅಣ್ಣ’ ಅನ್ನುತ್ತಿದ್ದವಳು ಅವಳೊಬ್ಬಳೇ.

ಮೊದಲ ಚೀಟಿಯಲ್ಲಿ ಹದಿನೇಳು ಇರಲಿಲ್ಲ, ಐವತ್ತೆರಡು ಇತ್ತು. ಎರಡನೆಯದರಲ್ಲೂ ಐವತ್ತೆರಡು. ಮೂರನೆಯದು ಐವತ್ತಮೂರು. ಹತ್ತೊಂಬತ್ತು ಪೆಟ್ಟಿಗೆಯಲ್ಲಿ ಒಂದಕ್ಕೂ ಹದಿನೇಳಿಲ್ಲ. ಮಗಳ ಹೆರಿಗೆಗೆಂದು ಎಡಗಿವಿಯಮ್ಮ ಮೊದಲ ಸಲ ಮೂರು ವಾರ ರಜೆ ಹೋದಾಗ ಅವಳ ಜಾಗಕ್ಕೆ ಹಾಕಿದ್ದ ಇಬ್ಬರು ಹೊಸಬರ ನಂಬರುಗಳು ಅವು. ಪಾಪ, ಅವರು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಮಾಡಿದ್ದರು: ಕಡ್ಡಿಯನ್ನು ಬಿಸಿ ಮರಳಿನ ತಟ್ಟೆಯಲ್ಲಿ ಅದ್ದಿ, ಅಚ್ಚಿನ ತಲೆಗೆ ಕೂದಲೆಳೆಯಷ್ಟೂ ಬಿಡದೆ ಕೂರಿಸಿ ಬಗ್ಗಿಸಿದ್ದರು. ಅಂದರೆ, ತನ್ನ ತಲೆಗೆ ಸರಿಯಾಗಿ ಕೂತ ಮಾಲೆಲ್ಲ ವಾಪಸ್ ಬಂದಿದೆ. ಹಾಗಾದರೆ ಇಪ್ಪತ್ತೆರಡು ವರ್ಷ ವಾಪಸ್ ಬರದೇ ಇದ್ದದ್ದು? ಸಭೆಗೆ ಬೇಕಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಹತ್ತೊಂಬತ್ತು ಚೀಟಿಯನ್ನೂ ಮಡಚಿ, ಹೆಂಡತಿಯ ಕನ್ನಡಕವಿದ್ದ ಜೇಬಿಗೇ ಹಾಕಿದ.

ಹೆಂಡತಿಯ ಕನ್ನಡಕದ ನೆಪ ಮಾಡಿಕೊಂಡು ಬೆಂಚುಗಳ ಕಡೆ ಹೋಗಿ ಕಂಬದ ಪಕ್ಕ ನಿಂತ. ಎಡಗಿವಿಯಮ್ಮ ಎಂದಿನಂತೆ ಸೊಂಟಕ್ಕೊಂದು ದಿಂಬು ಕೊಟ್ಟು ಕೂತಿದ್ದಳು. ಎದುರಿಗೆ ಅವನದೇ ತಲೆ, ಕೂದಲಿಲ್ಲದ, ಕಣ್ಣು ಮುಚ್ಚಿದ, ಮೂವತ್ತೈದು ವರ್ಷದ ತಲೆ. ಅವಳು ಕಡ್ಡಿಯನ್ನು ಮರಳಿನಿಂದ ತೆಗೆದಳು, ತಲೆಗೆ ಕೂರಿಸಿದಳು, ಬಗ್ಗಿಸಿದಳು, ತೆಗೆದಳು. ತೆಗೆದ ಮೇಲೆ ಹೆಬ್ಬೆರಳಿಂದ ತುದಿಯನ್ನು ಒಂದು ಚೂರು ಒಳಕ್ಕೆ ಒತ್ತಿ ತಟ್ಟೆಗಿಟ್ಟಳು. ಆ ಒತ್ತುವುದನ್ನು ಅವನು ಸಾವಿರ ಸಲ ನೋಡಿದ್ದಾನೆ. ಕೆಲವರು ಮಾತಾಡುವಾಗ ಮೂಗು ಮುಟ್ಟಿಕೊಳ್ಳುವುದಿಲ್ಲವೇ, ಹಾಗೆ ಇವಳಿಗೊಂದು ಚಟ ಅಂದುಕೊಂಡಿದ್ದ. ಒಮ್ಮೆ ಹೊಸದಾಗಿ ಸೇರಿದವರ ಮುಂದೆ ಅದನ್ನು ಅನುಕರಿಸಿ ತೋರಿಸಿ ನಗಿಸಿಯೂ ಇದ್ದ. ಚಟವಲ್ಲ. ಇಪ್ಪತ್ತೆರಡು ವರ್ಷ, ದಿನಕ್ಕೆ ನಾನೂರು ಸಲ, ಆ ಹೆಬ್ಬೆರಳು ಅವನ ಹಲ್ಲುನೋವನ್ನು ಒತ್ತಿ ಇಳಿಸುತ್ತಿತ್ತು. ತಲೆ ಸಾಹೇಬರ ಕಿವಿ ಲೋಕ ಸುತ್ತಿದ್ದು ಸುಳ್ಳು. ಸುತ್ತಿದ್ದು ಅವಳ ಹೆಬ್ಬೆರಳು. ಅವನಿಗೆ ಕೃತಜ್ಞತೆ ಬರಬೇಕಿತ್ತು, ಸಿಟ್ಟು ಬಂತು. ಕನ್ನಡಕ ಕೊಡದೆ ಸಭೆಗೆ ಹೊರಟುಹೋದ.

ಸಭೆಯ ಕೋಣೆಯಲ್ಲಿ ಮ್ಯಾನೇಜರು ಆಗಲೇ ಕೂತಿದ್ದರು. ಅವರ ಪಕ್ಕ, ಆರು ತಿಂಗಳ ಹಿಂದೆ ಸೇರಿದ, ಗುಣಮಟ್ಟ ವಿಭಾಗದ ಮೇಡಂ. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ನಾಲ್ಕು ತಲೆಗಳಲ್ಲಿ ಒಂದು, ಮೆರುಗು ಕೊಟ್ಟು ಹೊಳೆಯುತ್ತಿತ್ತು. ತಿಂಗಳ ಕೊನೆಗೆ ಅವನು ನಿವೃತ್ತನಾಗುವ ದಿನ ಅದನ್ನು ಮುಂಬಾಗಿಲಲ್ಲಿ ಇಡುವುದೆಂದೂ, ಕೆಳಗೆ ‘ನಮ್ಮ ಅಳತೆ’ ಎಂದು ಬರೆಸುವುದೆಂದೂ ತೀರ್ಮಾನವಾಗಿತ್ತು. ಹಾರ, ಶಾಲು ಎಲ್ಲರಿಗೂ ಸಿಗುತ್ತದೆ. ಬದುಕಿರುವಾಗಲೇ ಪ್ರತಿಮೆ ಯಾರಿಗೆ ಸಿಗುತ್ತದೆ? ಹೋದ ವಾರವೆಲ್ಲ ಅವನು ಆ ಬಾಗಿಲಲ್ಲಿ ಹಾದುಹೋಗುವಾಗ ಗೋಡೆಯ ಖಾಲಿ ಜಾಗವನ್ನು ಕಣ್ಣಲ್ಲೇ ಅಳೆದಿದ್ದ.

ಗುಣಮಟ್ಟದ ಮೇಡಂ ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಕಾರ್ಖಾನೆಯಲ್ಲಿ ಎಲ್ಲರ ಕೆಲಸವೂ ಅಚ್ಚಿಗೆ ಸರಿಯಾಗಿದೆ, ನಂಬರ್ ಹದಿನೇಳರದು ಮಾತ್ರ ಪ್ರತಿ ಪೀಸಿನಲ್ಲೂ ಎರಡು ಮಿಲಿಮೀಟರ್ ವ್ಯತ್ಯಾಸ. ದೂರು ಬಂದಿರುವುದೂ ಎಡಗಡೆಯ ಬಗ್ಗೆ. ಇನ್ನೇನು ಬೇಕು?

“ಯಾವ ಕಡೆಗೆ ವ್ಯತ್ಯಾಸ?” ಎಂದು ಅವನು ಕೇಳಿದ. ಧ್ವನಿ ಸಣ್ಣಗಿತ್ತು.

“ಒಳಗಡೆಗೆ ಸಾರ್. ಬಿಗಿ.”

“ದೂರು ಸಡಿಲ ಅಂತಲ್ವಾ?”

ಮ್ಯಾನೇಜರು ಕೈ ಬೀಸಿದರು. “ವ್ಯತ್ಯಾಸ ಅಂದ್ರೆ ವ್ಯತ್ಯಾಸ ಕಣ್ರೀ. ಒಳಗೋ ಹೊರಗೋ ಅಂತ ಚರ್ಚೆ ಮಾಡ್ತಾ ಕೂತ್ರೆ ಹಡಗು ನಿಂತು ಕಾಯುತ್ತಾ? ನಾಳೆ ಸಂಜೆಯೊಳಗೆ ಖರೀದಿದಾರರಿಗೆ ಉತ್ತರ ಬರೀಬೇಕು. ತಪ್ಪು ಸಿಕ್ತು, ತಪ್ಪು ಮಾಡಿದವರನ್ನ ತೆಗೆದ್ವಿ ಅಂದ್ರೆ ಅವರಿಗೂ ಸಮಾಧಾನ.”

ಎಡಗಿವಿಯಮ್ಮನನ್ನು ಕರೆಸಿದರು. ಅವಳು ಬಾಗಿಲ ಬಳಿಯೇ ನಿಂತು, ಮರಳು ಮೆತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಗಾಜಿನೊಳಗಿನ ತಲೆಯನ್ನು ನೋಡಿದಳು, ಆಮೇಲೆ ಅವನನ್ನು.

“ಯಾಕಮ್ಮ, ಅಚ್ಚು ಇದ್ದ ಹಾಗೆ ಬಗ್ಗಿಸೋಕೆ ಏನು ಕಷ್ಟ ನಿಂಗೆ?” ಎಂದು ಮ್ಯಾನೇಜರು ಕೇಳಿದರು.

“ಅಚ್ಚು ಇದ್ದ ಹಾಗೆ ಬಗ್ಗಿಸಿದ್ರೆ ಯಾರ ಕಿವೀಗೂ ಕೂರಲ್ಲ ಸಾರ್” ಅಂದಳು ಅವಳು ಮೆಲ್ಲಗೆ. ಗುಣಮಟ್ಟದ ಮೇಡಂ ನಕ್ಕರು. ಅವಳು ನಗಲಿಲ್ಲ. “ವಾಪಸ್ ಬಂದಿರೋದು ಯಾರು ಬಗ್ಗಿಸಿದ್ದು ಅಂತ ಅಣ್ಣನ್ನ ಕೇಳಿ ಸಾರ್. ಪೆಟ್ಟಿಗೇಲಿ ಚೀಟಿ ಇರುತ್ತೆ. ನಂದಾದ್ರೆ ಇವತ್ತೇ ಹೋಗ್ತೀನಿ.”

“ಏನ್ರೀ, ಚೀಟಿ ಇದೆಯಾ?” ಎಂದರು ಮ್ಯಾನೇಜರು.

ಜೇಬಿನಲ್ಲಿ ಹತ್ತೊಂಬತ್ತು ಚೀಟಿಯ ಮಡಿಕೆ ಎದೆಗೆ ಒತ್ತುತ್ತಿತ್ತು. ತೆಗೆದು ಮೇಜಿನ ಮೇಲಿಟ್ಟರೆ ಮುಗಿಯಿತು: ಅಚ್ಚಿನಂತೆ ಮಾಡಿದ್ದು ವಾಪಸ್, ಅಚ್ಚಿಗೆ ತಪ್ಪಿ ಮಾಡಿದ್ದು ಲೋಕವೆಲ್ಲ ಸಲೀಸು. ಅವಳು ಉಳಿಯುತ್ತಾಳೆ, ಗಾಜಿನೊಳಗಿನ ತಲೆ ಗುಜರಿಗೆ ಹೋಗುತ್ತದೆ. ಅವನು ಎದ್ದು ನಿಂತ. ಚೀಟಿ ತೆಗೆಯಬೇಕಾದ ಕೈ ಎಡಗೆನ್ನೆಯ ಮೇಲೆ ಹೋಯಿತು, ಬಾಯಿ ತಾನಾಗಿಯೇ ಹಲ್ಲಿನ ಕಥೆ ಶುರುಮಾಡಿತು. ಅಂದಿನ ಊತ, ಬಾಗಿಲಲ್ಲಿ ನಿಂತಿದ್ದ ಗುಮಾಸ್ತ, ತಣ್ಣನೆಯ ಗಾರೆ, ಇಪ್ಪತ್ತೆರಡು ವರ್ಷದ ಮೌನ. ಒಂದನ್ನೂ ಬಿಡದೆ ಹೇಳಿದ. “ತಪ್ಪು ಈಯಮ್ಮಂದಲ್ಲ ಸಾರ್, ನಂದು. ನನ್ನ ತಲೇದು” ಎಂದ. ಅವನಿಗೆ ಹಾಯೆನ್ನಿಸಿತು. ತಾನು ಇಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮ್ಯಾನೇಜರು ಜೋರಾಗಿ ನಕ್ಕು, ಎದ್ದು ಬಂದು ಅವನ ಬೆನ್ನು ತಟ್ಟಿದರು. “ನೋಡಿ ಮೇಡಂ, ಹಿರಿಯರು ಅಂದ್ರೆ ಹೀಗಿರಬೇಕು. ಕೆಲಸದವಳ ಹೊಟ್ಟೆಪಾಡು ಉಳಿಸೋಕೆ ತಮ್ಮ ಮುಖಾನೇ ಬಿಟ್ಟುಕೊಡ್ತಿದಾರೆ!” ಗುಣಮಟ್ಟದ ಮೇಡಂ ಕಣ್ಣೊರೆಸಿಕೊಂಡು, “ಎಷ್ಟು ದೊಡ್ಡ ಮನಸ್ಸು ಸಾರ್ ನಿಮ್ದು” ಎಂದರು. ಹಲ್ಲುನೋವಿನಿಂದ ಅಚ್ಚು ಕೆಡುವುದುಂಟೇ, ಕೆಟ್ಟಿದ್ದರೆ ಇಪ್ಪತ್ತೆರಡು ವರ್ಷ ಮಾಲು ಹೋಗುತ್ತಿತ್ತೇ ಎಂದು ಅವರವರೇ ಕೇಳಿಕೊಂಡು ಅವರವರೇ ತಲೆಯಾಡಿಸಿದರು. ಇದನ್ನು ನಿವೃತ್ತಿಯ ದಿನದ ಭಾಷಣದಲ್ಲಿ ಹೇಳಲೇಬೇಕು ಎಂದು ಮ್ಯಾನೇಜರು ಬರೆದಿಟ್ಟುಕೊಂಡರು. ಚೀಟಿಯ ಮಾತು ಮರೆತುಹೋಯಿತು. ಅವನಿಗೆ ಮರೆತಿರಲಿಲ್ಲ. ಈಗಲೂ ತೆಗೆಯಬಹುದಿತ್ತು, ಆದರೆ ಬೆನ್ನ ಮೇಲೆ ಮ್ಯಾನೇಜರ ಕೈ ಇನ್ನೂ ಬೆಚ್ಚಗಿತ್ತು, ಸತ್ಯ ಹೇಳಿದ್ದೂ ಆಗಿತ್ತು, ತಲೆ ಗಾಜಿನೊಳಗೆ ಉಳಿದದ್ದೂ ಆಗಿತ್ತು. ಇಷ್ಟು ಲಾಭದ ತಪ್ಪೊಪ್ಪಿಗೆ ಅವನು ಎಲ್ಲೂ ಕಂಡಿರಲಿಲ್ಲ. ಅವನು ಕೂತ. ಎಡಗಿವಿಯಮ್ಮನಿಗೆ ನಾಳೆಯಿಂದ ಬರುವುದು ಬೇಡ ಎಂದರು.

ಮೂರು ಗಂಟೆಗೆ ಅವಳು ಚೀಲ ಹಿಡಿದುಕೊಂಡು ರವಾನೆ ವಿಭಾಗಕ್ಕೆ ಬಂದಳು. ಚೀಲದಲ್ಲಿ ಸೊಂಟದ ದಿಂಬು ಕಾಣುತ್ತಿತ್ತು. ಅವನು ಎದ್ದು ನಿಂತ, ಏನಾದರೂ ಹೇಳಬೇಕೆಂದು ಜೇಬಿಗೆ ಕೈ ಹಾಕಿದ. ಒಳಗೆ ಎರಡೂ ಇದ್ದವು, ಚೀಟಿಯೂ ಕನ್ನಡಕವೂ. ಕೈ ಕನ್ನಡಕವನ್ನು ಹಿಡಿದುಕೊಂಡು ಹೊರಗೆ ಬಂತು.

“ಇದು... ನನ್ನ ಹೆಂಡ್ತೀದು. ಎಡಗಡೆ ಸ್ವಲ್ಪ ಜಾರುತ್ತೆ” ಅಂದ.

ಅವಳು ಅವನ ಮುಖವನ್ನು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡ, ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಚೀಲ ಕೆಳಗಿಟ್ಟು, ಪೆಟ್ಟಿಗೆಗೆ ಪ್ಲಾಸ್ಟಿಕ್ ಬಿಗಿಯುವ ಬಿಸಿಗಾಳಿಯ ಯಂತ್ರ ಹಚ್ಚಿ, ಕಡ್ಡಿಯ ತುದಿಯನ್ನು ಅದರ ಮುಂದೆ ತಿರುಗಿಸಿದಳು. “ಅಕ್ಕನಿಗೆ ಇಷ್ಟು ವರ್ಷ ಅಚ್ಚಿನದನ್ನೇ ಹಾಕಿಸಿದೀರಾ ಅಣ್ಣ?” ಎಂದಳು. ಹೆಬ್ಬೆರಳು ಒಂದು ಚೂರು ಒತ್ತಿತು. “ನಾನು ಬಂದ ಮೊದಲ ದಿನಾನೇ ಆ ತಲೆ ಸವರಿ ನೋಡಿದ್ದೆ. ಈ ಮನುಷ್ಯನಿಗೆ ಹಲ್ಲುನೋವು ಇತ್ತು ಅಂತ ಗೊತ್ತಾಯ್ತು. ಎಲ್ಲಾರೂ ಅಷ್ಟು ಹೆಮ್ಮೆಯಿಂದ ಹೇಳ್ಕೊಳೋವಾಗ ಯಾಕೆ ಬಾಯಿಬಿಡ್ಲಿ ಅಂತ ಸುಮ್ನಿದ್ದೆ. ಇವತ್ತು ನೀವೇ ಹೇಳ್ತೀರ ಅಂತ ಕಾದೆ.”

“ಹೇಳಿದ್ನಲ್ಲಮ್ಮ.”

“ಹೇಳಿದ್ರಿ. ತೋರಿಸ್ಲಿಲ್ಲ.” ಅವಳು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಗಾಜು ಒರೆಸಿ, ಅವನ ಕೈಯಲ್ಲಿಟ್ಟಳು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.

ಮನೆಯಲ್ಲಿ ಹೆಂಡತಿ ಕನ್ನಡಕ ಹಾಕಿಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ತಲೆಯನ್ನು ಅಲ್ಲಾಡಿಸಿ ನೋಡಿದಳು, ಬಗ್ಗಿ ನೋಡಿದಳು. ಜಾರಲಿಲ್ಲ. ಕತ್ತು ಮೆಲ್ಲಮೆಲ್ಲಗೆ, ನಂಬಿಕೆಯಿಲ್ಲದಂತೆ, ನೆಟ್ಟಗಾಯಿತು. “ಅಯ್ಯೋ, ನನ್ನ ಮುಖ ಸರಿಯಾಗೇ ಇದೆಯಲ್ರೀ” ಎಂದಳು. ಹಾಗೆನ್ನುವಾಗ ಅವಳು ಹುಡುಗಿಯಂತೆ ನಕ್ಕಳು. “ಯಾರು ಮಾಡಿಕೊಟ್ಟಿದ್ದು? ಎಡಗಿವಿಯಮ್ಮಾನಾ? ಎಷ್ಟು ಒಳ್ಳೇ ಕೈ ಅವರದು. ನಾಳೆ ಹೋದ ತಕ್ಷಣ ನಾನು ಹೇಳ್ದೆ ಅಂತ ಹೇಳಿ. ಮರೀಬೇಡಿ.”

“ಹೇಳ್ತೀನಿ” ಅಂದ.

ಅವನು ಬಿಚ್ಚಿಟ್ಟ ಅಂಗಿಯನ್ನು ಒಗೆಯಲು ಹಾಕುವ ಮುಂಚೆ ಅವಳು ಜೇಬು ತಡಕಿದಳು. ಚೀಟಿಗಳ ಮಡಿಕೆ ಬಿಚ್ಚಿ, ಓರೆಯಾಗದೆ ಓದಲು ಬರುತ್ತದೆಂಬ ಖುಷಿಗೇ ಒಂದೊಂದಾಗಿ ಓದಿದಳು. “ಐವತ್ತೆರಡು, ಐವತ್ತೆರಡು, ಐವತ್ತಮೂರು... ಬರೀ ನಂಬರು. ಬೇಕಾ ಇವು, ಎಸೀಲಾ?”

ನಾಳೆ ಸಂಜೆಯವರೆಗೂ ಸಮಯವಿತ್ತು. ಖರೀದಿದಾರರಿಗೆ ಉತ್ತರ ಇನ್ನೂ ಹೋಗಿರಲಿಲ್ಲ. ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಎಸಿ” ಅಂದ.

ಅವಳು ಹೋಗಲಿಲ್ಲ. ಚೀಟಿ ಹಿಡಿದುಕೊಂಡೇ, ಕತ್ತು ವಾಲಿಸದೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. “ಯಾಕ್ರೀ ಹಾಗೆ ಕೆನ್ನೆ ಹಿಡ್ಕೊಂಡಿದೀರಿ? ಹಲ್ಲುನೋವಾ?”

ಕೈ ಯಾವಾಗ ಅಲ್ಲಿಗೆ ಹೋಗಿತ್ತೋ ಅವನಿಗೆ ತಿಳಿದಿರಲಿಲ್ಲ. “ಹೂಂ. ಸ್ವಲ್ಪ ಊದಿದೆ” ಅಂದ.

ಅವಳು ಹತ್ತಿರ ಬಂದು, ಅವನ ಕೈಯನ್ನು ಕೆನ್ನೆಯಿಂದ ಸರಿಸಿ, ದೀಪದ ಕಡೆಗೆ ಅವನ ಮುಖ ತಿರುಗಿಸಿ, ಚೆನ್ನಾಗಿ ನೋಡಿದಳು.

“ಎಲ್ಲಿ? ಏನೂ ಊದಿಲ್ವಲ್ರೀ” ಎಂದಳು.